ಬೇತಾಳ ನಕ್ಕದ್ದು ಯಾಕೆ?

ಹಿಡಿದ ಕೆಲಸವನ್ನು ಬಿಡದವನಿಗೆ ಕನ್ನಡದಲ್ಲಿ 'ಛಲ ಬಿಡದ ತ್ರಿವಿಕ್ರಮ' ಎಂಬ ಹೆಸರಿದೆ. ನಾಲ್ಕು ಚುನಾವಣೆ ಸೋತು ಐದನೆಯದಕ್ಕೆ ನಾಮಪತ್ರ ಹಾಕಿದವನಿಗೂ, ಗಣಿತವೊಂದನ್ನೇ ವರ್ಷಗಟ್ಟಲೆ ಕಟ್ಟುತ್ತಾ ಬಂದ ಹುಡುಗನಿಗೂ ಇದೇ ಬಿರುದು. ಮಾತು ಉಳಿದಿದೆ, ಕತೆಯ ಅರ್ಧ ಉದುರಿಹೋಗಿದೆ. ತ್ರಿವಿಕ್ರಮ ಛಲ ಹಿಡಿದದ್ದು ಯಾವ ಕೆಲಸಕ್ಕೆ, ಆ ಕೆಲಸಕ್ಕೆ ಅವನನ್ನು ಕಳಿಸಿದವರು ಯಾರು, ಹೆಗಲೇರಿದ ಬೇತಾಳ ಅವನನ್ನು ಅಷ್ಟು ಸಲ ಸತಾಯಿಸಿದ್ದೇಕೆ ಎಂದು ಕೇಳಿ ನೋಡಿ. 'ಅದು ದೆವ್ವ ಅಲ್ಲವೇ, ಅದರ ಬುದ್ಧಿಯೇ ಹಾಗೆ' ಎನ್ನುವವರೇ ಹೆಚ್ಚು. ಕತೆಯ ಖಳನಾಯಕ ಬೇತಾಳವೇ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಹಳೆಯ ಪುಸ್ತಕಗಳನ್ನು ತೆರೆದರೆ ಮಾತ್ರ ಈ ಆರೋಪ ನಿಲ್ಲುವುದಿಲ್ಲ.

ಬೇತಾಳ ಕತೆಗಳ ಹಳೆಯ ರೂಪಗಳಲ್ಲಿ ಹೆಚ್ಚು ಹೆಸರಾದದ್ದು ಕಾಶ್ಮೀರದ್ದು. 11ನೇ ಶತಮಾನದಲ್ಲಿ ಸೋಮದೇವಭಟ್ಟ ಅಲ್ಲಿನ ರಾಣಿ ಸೂರ್ಯಮತಿಗಾಗಿ 'ಕಥಾಸರಿತ್ಸಾಗರ' ಬರೆದ. ಈ ಕತೆಗಳು ಅದರೊಳಗೆ ಸೇರಿಕೊಂಡಿವೆ. ಸೋಮದೇವನ ರಾಜ ಉಜ್ಜಯಿನಿಯ ವಿಕ್ರಮಾದಿತ್ಯನಲ್ಲ; ಗೋದಾವರಿಯ ದಡದ ಪ್ರತಿಷ್ಠಾನದಲ್ಲಿ, ಅಂದರೆ ಇಂದಿನ ಪೈಠಣದಲ್ಲಿ, ಆಳಿದ ತ್ರಿವಿಕ್ರಮಸೇನ. ನಮ್ಮ ಕನ್ನಡದ ಮಾತು ಈ ಹಳೆಯ ಹೆಸರಿಗೇ ಹತ್ತಿರವಾಗಿ ಉಳಿದುಕೊಂಡಿದೆ ಎಂಬುದು ಒಂದು ಚಂದದ ಸಂಗತಿ.

ಈ ರಾಜನ ಓಲಗಕ್ಕೆ ಒಬ್ಬ ಭಿಕ್ಷು ದಿನವೂ ಬಂದು ಒಂದು ಹಣ್ಣು ಕೊಟ್ಟು ಹೋಗುತ್ತಾನೆ. ಏನನ್ನೂ ಬೇಡುವುದಿಲ್ಲ. ಹೀಗೆ ಹತ್ತು ವರ್ಷ. ರಾಜ ಹಣ್ಣನ್ನು ಭಂಡಾರದವನ ಕೈಗೆ ಕೊಡುತ್ತಾನೆ, ಅವನು ಅದನ್ನು ಭಂಡಾರದೊಳಗೆ ಎಸೆಯುತ್ತಾನೆ. ಒಂದು ದಿನ ಅರಮನೆಯ ಸಾಕುಮಂಗ ಹಣ್ಣನ್ನು ಕಚ್ಚಿದಾಗ ಒಳಗಿಂದ ರತ್ನವೊಂದು ಉರುಳುತ್ತದೆ. ಭಂಡಾರದಲ್ಲಿ ನೋಡಿದರೆ ಹಣ್ಣುಗಳೆಲ್ಲ ಕೊಳೆತು ರತ್ನದ ರಾಶಿ ಬಿದ್ದಿದೆ. ಇಷ್ಟೊಂದು ಕೊಟ್ಟವನಿಗೆ ಇಲ್ಲವೆನ್ನುವುದು ಹೇಗೆ? ಭಿಕ್ಷು ಕೇಳಿದ್ದೂ ದೊಡ್ಡದೇನಲ್ಲ. ಅಮಾವಾಸ್ಯೆಯ ಹಿಂದಿನ ರಾತ್ರಿ ಸ್ಮಶಾನಕ್ಕೆ ಬರಬೇಕು, ದೂರದ ಮರದಲ್ಲಿ ತೂಗುತ್ತಿರುವ ಹೆಣವೊಂದನ್ನು ಹೊತ್ತು ತಂದುಕೊಡಬೇಕು. ಈ ಭಿಕ್ಷುವಿನ ಹೆಸರು ಕ್ಷಾಂತಿಶೀಲ. ತಾಳ್ಮೆಯನ್ನೇ ಶೀಲವಾಗಿ ಉಳ್ಳವನು ಎಂದು ಅರ್ಥ. ಒಬ್ಬನನ್ನು ಬಲೆಗೆ ಕೆಡವಲು ಹತ್ತು ವರ್ಷ ಹಣ್ಣು ಹೊತ್ತವನಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಇನ್ನು ಬೇತಾಳದ ಪ್ರವೇಶ. ನಾನು ಕತೆ ಬರೆಯುವವನು. ಆ ಕಣ್ಣಿನಿಂದ ನೋಡಿದರೆ ಈ ಜಾಗಕ್ಕೆ ಬಂದಾಗಲೆಲ್ಲ ಸೋಮದೇವನ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಸ್ಮಶಾನ, ಕಗ್ಗತ್ತಲು, ಉರಿಯುವ ಚಿತೆಗಳು, ನರಿಗಳ ಕೂಗು, ಭಯಕ್ಕೆ ಬೇಕಾದ ಸಾಮಾನೆಲ್ಲ ಸಿದ್ಧವಾಗಿದೆ. ರಾಜ ಮರ ಹತ್ತಿ ಹಗ್ಗ ಕತ್ತರಿಸುತ್ತಾನೆ. ಹೆಣ ದೊಪ್ಪನೆ ಬೀಳುತ್ತದೆ, ಬಿದ್ದದ್ದೇ ಪೆಟ್ಟು ತಗಲಿದವರಂತೆ ಅಳತೊಡಗುತ್ತದೆ. ಪಾಪ, ಇನ್ನೂ ಜೀವವಿದೆ ಎಂದುಕೊಂಡು ರಾಜ ಇಳಿದುಬಂದು ಅದರ ಮೈ ಸವರುತ್ತಾನೆ. ಆಗ ಹೆಣ ಗಹಗಹಿಸಿ ನಗುತ್ತದೆ. 'ಯಾಕೆ ನಗುತ್ತೀ, ಬಾ ಹೋಗೋಣ' ಎಂದು ರಾಜ ಬಾಯಿ ತೆರೆಯುವಷ್ಟರಲ್ಲಿ ನೆಲದ ಮೇಲೆ ಹೆಣವಿಲ್ಲ. ಮತ್ತೆ ಮರದಲ್ಲಿ ತೂಗುತ್ತಿದೆ. ಭಯ ಮತ್ತು ನಗೆ ಒಂದರ ಬೆನ್ನಿಗೊಂದು ಬರುವ ಈ ಆಟಕ್ಕೆ ಸಿನಿಮಾದವರು ಇತ್ತೀಚೆಗೆ 'ಹಾರರ್ ಕಾಮಿಡಿ' ಎಂದು ಹೆಸರಿಟ್ಟರು. ಆಟಕ್ಕೆ ಸಾವಿರ ವರ್ಷದ ವಯಸ್ಸಾಗಿದೆ.

ಸಂಸ್ಕೃತ ಕತೆಗಳ ಬೇತಾಳ ಸತ್ತವನ ಆತ್ಮವಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಅದು ಪರರ ಹೆಣದೊಳಗೆ ಹೊಕ್ಕು ಆಡುವ ಬೇರೊಂದು ಜಾತಿಯ ಜೀವ. ಜನ ಅದನ್ನು ಕೇಡಿಗನೆಂದೇ ಕಂಡದ್ದೂ ಇಲ್ಲ. ಗೋವಾದಲ್ಲಿ ಬೇತಾಳ ಊರು ಕಾಯುವ ದೈವ. ಅಲ್ಲಿನ ಬೇತಾಳಭಾಟಿ ಎಂಬ ಊರಿಗೆ ಹೆಸರು ಬಂದದ್ದು ಅದರಿಂದಲೇ. ಪುಣೆ ನಗರದ ಅತಿ ಎತ್ತರದ ಗುಡ್ಡದ ಹೆಸರು ವೇತಾಳ ಟೇಕಡಿ.

ದಾರಿ ಸವೆಯಲೆಂದು ಬೇತಾಳ ಕತೆ ಹೇಳುತ್ತದೆ. ಪ್ರತಿ ಕತೆಯ ಕೊನೆಗೂ ಒಂದು ಒಗಟು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಹೋಳಾಗುತ್ತದೆ. ಹೇಳಿದರೆ ಮೌನ ಮುರಿದು ಹೆಣ ಮರಕ್ಕೆ ವಾಪಸಾಗುತ್ತದೆ. ಒಗಟುಗಳಾದರೂ ಎಂಥವು! ಸತ್ತ ಹುಡುಗಿಯೊಬ್ಬಳಿಗಾಗಿ ಮೂವರು ಪ್ರೇಮಿಗಳು. ಒಬ್ಬ ಅವಳ ಬೂದಿಯ ಮೇಲೇ ಮಲಗಿ ಸ್ಮಶಾನ ಕಾಯುತ್ತಾನೆ, ಒಬ್ಬ ಅಸ್ಥಿಯನ್ನು ಗಂಗೆಗೆ ಒಯ್ಯುತ್ತಾನೆ, ಒಬ್ಬ ಊರೂರು ಅಲೆದು ಬದುಕಿಸುವ ಮಂತ್ರ ತರುತ್ತಾನೆ. ಎದ್ದು ಕೂತವಳು ಯಾರ ಹೆಂಡತಿ? ರಾಜನ ತೀರ್ಪು ಹೀಗಿದೆ: ಜೀವ ಕೊಟ್ಟವನು ತಂದೆ, ಅಸ್ಥಿ ಒಯ್ದವನು ಮಗನ ಕೆಲಸ ಮಾಡಿದ, ಬೂದಿಯನ್ನು ಅಪ್ಪಿ ಮಲಗಿದವನೇ ಗಂಡ.

ಇನ್ನೊಂದರಲ್ಲಿ ಮೂವರು ನಾಜೂಕಿನ ಅಣ್ಣತಮ್ಮಂದಿರು. ಊಟದ ನಾಜೂಕಿನವನಿಗೆ ಅನ್ನದಲ್ಲಿ ಹೆಣ ಸುಟ್ಟ ವಾಸನೆ ಬರುತ್ತದೆ. ವಿಚಾರಿಸಿದರೆ ಆ ಭತ್ತ ಸ್ಮಶಾನದ ಪಕ್ಕದ ಗದ್ದೆಯದು. ಹೆಣ್ಣಿನ ನಾಜೂಕಿನವನಿಗೆ ಸುಂದರಿಯ ಮೈಯಲ್ಲಿ ಮೇಕೆಯ ವಾಸನೆ. ಆಕೆ ಎಳವೆಯಲ್ಲಿ ಕುಡಿದದ್ದು ಮೇಕೆಯ ಹಾಲು. ಹಾಸಿಗೆಯ ನಾಜೂಕಿನವನು ಏಳು ಹಾಸಿಗೆಗಳ ಮೇಲೆ ಮಲಗಿಯೂ ನೋವೆಂದು ಎದ್ದು ಕೂರುತ್ತಾನೆ. ತಳದಲ್ಲಿ ಒಂದು ಕೂದಲಿತ್ತು, ಅದರ ಗುರುತು ಅವನ ಮೈಮೇಲೆ ಮೂಡಿದೆ. ಗೆದ್ದವನು ಹಾಸಿಗೆಯವನೇ ಎನ್ನುತ್ತಾನೆ ರಾಜ. ಮೊದಲಿಬ್ಬರು ಯಾರನ್ನಾದರೂ ಕೇಳಿ ತಿಳಿದುಕೊಂಡಿರಬಹುದು, ಮೈಮೇಲಿನ ಗುರುತು ಸುಳ್ಳು ಹೇಳುವುದಿಲ್ಲ. ಇಂಥ ಹುಚ್ಚು ವ್ಯಾಜ್ಯಕ್ಕೂ ಸಾಕ್ಷ್ಯ ನೋಡಿ ತೀರ್ಪು ಕೊಡುವವನು ಬಾಯಿ ಮುಚ್ಚಿಕೊಂಡಿರುವುದು ಹೇಗೆ ಸಾಧ್ಯ? ಬೇತಾಳಕ್ಕೆ ಇದು ಚೆನ್ನಾಗಿ ಗೊತ್ತು.

24ನೆಯ ಕತೆಯಲ್ಲಿ ರಾಜ ಸೋಲುತ್ತಾನೆ. ತಾಯಿ-ಮಗಳು ಕಾಡಿನಲ್ಲಿ ಓಡಿಹೋಗುತ್ತಿದ್ದಾರೆ. ಅವರ ಹೆಜ್ಜೆ ಗುರುತನ್ನು ಕಂಡ ತಂದೆ-ಮಗ, ದೊಡ್ಡ ಹೆಜ್ಜೆಯವಳು ಅಪ್ಪನಿಗೆ, ಸಣ್ಣ ಹೆಜ್ಜೆಯವಳು ಮಗನಿಗೆ ಎಂದು ಮಾತಾಡಿಕೊಳ್ಳುತ್ತಾರೆ. ಸಿಕ್ಕ ಮೇಲೆ ನೋಡಿದರೆ ಸಣ್ಣ ಪಾದ ತಾಯಿಯದು. ಕೊಟ್ಟ ಮಾತಿನಂತೆ ಮಗನಿಗೆ ತಾಯಿ, ಅಪ್ಪನಿಗೆ ಮಗಳು. ಅವರಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜ ಲೆಕ್ಕ ಹಾಕುತ್ತಾ ಸುಮ್ಮನೆ ನಡೆಯುತ್ತಾನೆ. ನಮ್ಮ ಮದುವೆ ಮನೆಗಳಲ್ಲಿ ಹಿರಿಯರು ವಾವೆ ಹಿಡಿಯಲಾರದೆ ತಲೆ ಕೆರೆದುಕೊಳ್ಳುವುದನ್ನು ಕಂಡವರಿಗೆ ಈ ಮೌನ ಅರ್ಥವಾಗುತ್ತದೆ.

ಆಗ ಬೇತಾಳ ಸತ್ಯ ಹೇಳುತ್ತದೆ. ಆ ಭಿಕ್ಷು ನಿನ್ನನ್ನು ಬಲಿ ಕೊಡಲು ಕರೆಸಿದ್ದಾನೆ. ಸಾಷ್ಟಾಂಗ ನಮಸ್ಕಾರ ಮಾಡು ಎನ್ನುತ್ತಾನೆ. ನಾನು ರಾಜ, ನನಗೆ ಬಗ್ಗಿ ಗೊತ್ತಿಲ್ಲ, ನೀನೇ ಮಾಡಿ ತೋರಿಸು ಎನ್ನು. ಅವನು ಮಲಗಿದೊಡನೆ ತಲೆ ಕತ್ತರಿಸು. ರಾಜ ಹಾಗೇ ಮಾಡುತ್ತಾನೆ. ಏನು ವರ ಬೇಕೆಂದು ಬೇತಾಳ ಕೇಳಿದರೆ, ಈ ಕತೆಗಳು ಲೋಕದಲ್ಲಿ ಹೆಸರಾಗಲಿ ಎನ್ನುತ್ತಾನೆ. ಅಲ್ಲಿಗೆ ಲೆಕ್ಕ ಬಗೆಹರಿಯಿತು. ಹೆಣ ಪ್ರತಿ ಸಲ ಮರಕ್ಕೆ ಹಾರಿದಾಗ ರಾಜನ ಆಯುಷ್ಯ ಅಷ್ಟು ಹೊತ್ತು ಹೆಚ್ಚಾಗುತ್ತಿತ್ತು. ಅಂದಿನ ರಾತ್ರಿ ಅವನಿಗೆ ಕಾಟ ಕೊಟ್ಟದ್ದು ದೆವ್ವ, ಕೊಲ್ಲಲು ಕೂತಿದ್ದವನು ಮಂಡಲ ಬರೆದು ಮಂತ್ರ ಹೇಳುತ್ತಿದ್ದ ಸಾಧು.

ವರ ಫಲಿಸಿತು. ಟಿಬೆಟ್, ಮಂಗೋಲಿಯಾಗಳಲ್ಲೂ ಈ ಮಾತಾಡುವ ಹೆಣದ ಕತೆಗಳಿವೆ. ಅಲ್ಲಿ ಒಗಟಿಲ್ಲ, ಹೊತ್ತ ಹುಡುಗ ಕತೆ ಕೇಳಿ ಅಚ್ಚರಿಯಿಂದ ಉದ್ಗಾರ ತೆಗೆದರೆ ಸಾಕು, ಹೆಣ ಮಾಯ. ಅತ್ತ ಆ ದಾರಿಯಾದರೆ, ಇತ್ತ ಸಂಸ್ಕೃತದಿಂದ ದೇಶಭಾಷೆಗಳಿಗೆ ಬಂದ ದಾರಿಯಲ್ಲಿ ಉರ್ದು ಓದಿದ ನನ್ನಂಥವರಿಗೆ ತೀರಾ ಹತ್ತಿರದ ನಿಲ್ದಾಣವೊಂದಿದೆ.

ಮೊಗಲ್ ಬಾದಶಹ ಮುಹಮ್ಮದ್ ಶಾಹನ ಕಾಲದಲ್ಲಿ ಜೈಪುರದ ಸವಾಯಿ ಜೈಸಿಂಗ್, ಸೂರತ್ ಕಬೀಶ್ವರ್ ಎಂಬ ಕವಿಯಿಂದ ಈ ಕತೆಗಳನ್ನು ಬ್ರಜ್ ಭಾಷೆಗೆ ಮಾಡಿಸಿದ. ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದ. ಕಂಪನಿಯ ಹುಡುಗ ಅಧಿಕಾರಿಗಳಿಗೆ ದೇಶಭಾಷೆ ಕಲಿಸುವುದು ಅದರ ಕೆಲಸ. ಅಲ್ಲಿನ ಗಿಲ್‌ಕ್ರಿಸ್ಟ್ ಹೇಳಿದಂತೆ ಮಜ್‌ಹರ್ ಅಲಿ ಖಾನ್ 'ವಿಲಾ', ಲಲ್ಲೂಜಿ ಲಾಲ್ ಕವಿಯ ನೆರವಿನಿಂದ, ಬ್ರಜ್‌ನ ಕತೆಗಳನ್ನು ಹಿಂದೂಸ್ತಾನಿ ಗದ್ಯಕ್ಕೆ ತಂದರು. 'ಬೈತಾಲ್ ಪಚ್ಚೀಸಿ' 1805ರಲ್ಲಿ ಅಚ್ಚಾಯಿತು. ಅದೇ ಲಲ್ಲೂಜಿ, ಕಾಜಿಂ ಅಲಿ ಜವಾನ್ ಜೊತೆ ಕೂತು 'ಸಿಂಹಾಸನ್ ಬತ್ತೀಸಿ'ಯನ್ನೂ ಮಾಡಿದರು. ಒಬ್ಬ ಉರ್ದು ಶಾಯರ್, ಒಬ್ಬ ಬ್ರಜ್ ಪಂಡಿತ, ನಡುವೆ ಒಂದು ಬೇತಾಳ. ವಿಚಿತ್ರವೆಂದರೆ ಹಿಂದಿ ಗದ್ಯ ಒಂದು ಕಡೆಗೆ, ಉರ್ದು ಗದ್ಯ ಇನ್ನೊಂದು ಕಡೆಗೆ ಎಂದು ಪಾಲಾಗತೊಡಗಿದ್ದು ಇದೇ ಕಾಲೇಜಿನಲ್ಲಿ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ವಿಲಾ ಉರ್ದು ಚರಿತ್ರೆಗೆ ಸೇರಿದರು, ಲಲ್ಲೂಜಿ ಹಿಂದಿಯ ಚರಿತ್ರೆಗೆ. ಅವರಿಬ್ಬರೂ ಕೂಡಿ ಹೊತ್ತ ಹೆಣವನ್ನು ಮಾತ್ರ ಪಾಲು ಮಾಡಲು ಆಗಲಿಲ್ಲ. ಎರಡೂ ಚರಿತ್ರೆಗಳಲ್ಲಿ ಅದು ಇದೆ.

ಆ ಪುಸ್ತಕದ ಪೀಠಿಕೆಯಲ್ಲಿ ಸೋಮದೇವನಲ್ಲಿಲ್ಲದ ಒಂದು ವಿವರವಿದೆ. ಒಂದೇ ಊರಿನಲ್ಲಿ, ಒಂದೇ ನಕ್ಷತ್ರ, ಒಂದೇ ಮುಹೂರ್ತದಲ್ಲಿ ಮೂರು ಗಂಡುಮಕ್ಕಳು ಹುಟ್ಟಿದರು. ಒಬ್ಬ ಅರಮನೆಯಲ್ಲಿ, ಒಬ್ಬ ಗಾಣಿಗರ ಮನೆಯಲ್ಲಿ, ಒಬ್ಬ ಕುಂಬಾರರ ಮನೆಯಲ್ಲಿ. ಯೋಗ ಸಾಧಿಸಿದ ಕುಂಬಾರನ ಮಗ ಗಾಣಿಗನ ಮಗನನ್ನು ಕೊಂದು, ಪಿಶಾಚಿ ಮಾಡಿ, ಸ್ಮಶಾನದ ಸಿರಸ ಮರದಲ್ಲಿ ತಲೆಕೆಳಗಾಗಿ ತೂಗುಹಾಕಿದ್ದಾನೆ. ಮುಂದಿನ ಸರದಿ ರಾಜನದು. ಇಲ್ಲಿಗೆ ಬೇತಾಳ ಎಲ್ಲಿಂದಲೋ ಬಂದು ಹೊಕ್ಕ ಜೀವವಾಗಿ ಉಳಿಯುವುದಿಲ್ಲ, ಕೊಲೆಯಾದವನೇ ಆಗಿಬಿಡುತ್ತದೆ. ಕೊಲೆಗಾರ ನಿನ್ನನ್ನೂ ಹಾಗೇ ಮಾಡುತ್ತಾನೆ ಎಂದು ಸತ್ತವನು ಬದುಕಿರುವವನಿಗೆ ಹೇಳಬೇಕಾಗಿದೆ. ನೇರವಾಗಿ ಹೇಳಿದರೆ ರತ್ನ ಕಂಡ ರಾಜ ನಂಬುತ್ತಾನೆಯೇ? ಹಾಗಾಗಿ ಆಟ, ಕತೆ, ಒಗಟು. ಈ ಪಾಠವನ್ನು ಓದಿದ ಮೇಲೆ ಆ ನಗೆ ನನಗೆ ಮೊದಲಿನಂತೆ ಕೇಳಿಸಿಲ್ಲ.

1847ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಹಿಂದಿಯ ಇದೇ ಪುಸ್ತಕದಿಂದ ಬಂಗಾಳಿ 'ಬೇತಾಲ ಪಂಚವಿಂಶತಿ' ಮಾಡಿದರು. ಬೇತಾಳದ ಮುಖಕ್ಕೆ ಮಸಿ ಬಳಿದದ್ದು ಇಂಗ್ಲಿಷು. 1870ರಲ್ಲಿ ರಿಚರ್ಡ್ ಬರ್ಟನ್ 11 ಕತೆಗಳನ್ನು ಆರಿಸಿ, ತನ್ನ ಒಗ್ಗರಣೆ ಸೇರಿಸಿ, ವಿಕ್ರಮ ಮತ್ತು 'ವ್ಯಾಂಪೈರ್' ಎಂದು ಹೆಸರಿಟ್ಟ. ವ್ಯಾಂಪೈರ್ ಎಂದರೆ ಯುರೋಪಿನ ಓದುಗರಿಗೆ ರಕ್ತ ಹೀರುವ ಪಿಶಾಚಿ. ಬೇತಾಳ ಯಾರ ರಕ್ತವನ್ನೂ ಕುಡಿದದ್ದಲ್ಲ. ರಾಜನ ನಿದ್ದೆಯನ್ನಷ್ಟೇ ಕೆಡಿಸಿದ್ದು. ಅನುವಾದಕನ ಒಂದೇ ಒಂದು ಪದ ಹೀಗೆ ಹಿತೈಷಿಯನ್ನು ರಾಕ್ಷಸನ ಸಾಲಿಗೆ ನಿಲ್ಲಿಸಬಲ್ಲದು.

ಕನ್ನಡಕ್ಕೆ ಬೇತಾಳ ಸದ್ದಿಲ್ಲದೆ ಕೊಟ್ಟ ದೊಡ್ಡ ಕಾಣಿಕೆ 1971ರ 'ಹಯವದನ'. ತಲೆಗಳು ಅದಲುಬದಲಾದ ಮೂಲ ಕತೆಯಲ್ಲಿ ಅವು ಗಂಡನ ಮತ್ತು ಹೆಂಡತಿಯ ಅಣ್ಣನ ತಲೆಗಳು. ಜರ್ಮನಿಯ ಥಾಮಸ್ ಮನ್ 1940ರಲ್ಲಿ ಅವರನ್ನು ಗೆಳೆಯರನ್ನಾಗಿಸಿದ, ಗಿರೀಶ ಕಾರ್ನಾಡರು ಅಲ್ಲಿಂದ ಮುಂದುವರಿಸಿದರು. ಅಂಗಗಳಲ್ಲಿ ತಲೆಯೇ ಮುಖ್ಯ, ಗಂಡನ ತಲೆ ಇರುವವನೇ ಗಂಡ ಎಂದು ತ್ರಿವಿಕ್ರಮ ಥಟ್ಟನೆ ತೀರ್ಪು ಕೊಟ್ಟಿದ್ದ. ನಾಟಕದಲ್ಲಿ ಆ ತೀರ್ಪಿನಿಂದ ಯಾರ ಸಂಕಟವೂ ತೀರುವುದಿಲ್ಲ. ಬೇತಾಳವೂ ಅಲ್ಲಿಲ್ಲ. ಅದರ ತುಂಟತನ ನಿದ್ದೆಗಣ್ಣಿನ, ಬೇಸತ್ತ ಕಾಳಿಗೆ ವರ್ಗವಾಗಿದೆ.

ಆದರೂ ಕನ್ನಡದ ಮಕ್ಕಳಿಗೆ ಬೇತಾಳ ಎಂದರೆ 'ಚಂದಮಾಮ'ದ್ದೇ. 1947ರಲ್ಲಿ ಮದ್ರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರು ತೆಲುಗು ಮತ್ತು ತಮಿಳಿನಲ್ಲಿ ಶುರು ಮಾಡಿದ ಈ ಪತ್ರಿಕೆ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ ಬಂತು. ಹಳೆಯ ಕತೆಗಳು ಮುಗಿದರೂ ಬೇತಾಳದ ಮಾಲೆ ನಿಲ್ಲಲಿಲ್ಲ. ಅಲ್ಲಿನ ಬರಹಗಾರರು ಹೊಸ ಕತೆಗಳನ್ನು ಕಟ್ಟಿ ದಶಕಗಟ್ಟಲೆ ನಡೆಸಿದರು. ಕತೆಗಾರರ ಶಕ್ತಿಗೆ ಇದು ಸಾಕ್ಷಿ, ಒಪ್ಪೋಣ. ಆದರೆ ಅದರಿಂದಾದ ನಷ್ಟವೂ ಇದೆ. ಪ್ರತಿ ತಿಂಗಳೂ ಹೆಣ ಮರಕ್ಕೆ ಹಾರಿ, ಮುಂದಿನ ತಿಂಗಳು ರಾಜ ಮತ್ತೆ ಹೊತ್ತು ನಡೆಯಬೇಕೆಂದರೆ, ಆ ರಾತ್ರಿ ಎಂದೂ ಮುಗಿಯಬಾರದು. ಮುಗಿಯದ ರಾತ್ರಿಯಲ್ಲಿ ಸಾಧುವಿನ ಬಣ್ಣ ಬಯಲಾಗುವ ಗಳಿಗೆ ಬರುವುದೇ ಇಲ್ಲ. ಮೂರು ಪಾತ್ರಗಳಲ್ಲಿ ಎರಡು ಮಾತ್ರ ಮಕ್ಕಳ ಕಣ್ಣಿಗೆ ಬಿದ್ದವು. ವಿಕಾರವಾಗಿ ಕಂಡದ್ದು ದೆವ್ವ, ಆದ್ದರಿಂದ ದುಷ್ಟನೂ ದೆವ್ವವೇ ಆಯಿತು. 1985ರಲ್ಲಿ ದೂರದರ್ಶನದ 'ವಿಕ್ರಮ್ ಔರ್ ಬೇತಾಳ್' ಬಂದಾಗಲೂ ಮನೆಮಾತಾದದ್ದು ಅರುಣ್ ಗೋವಿಲ್ ಹೆಗಲ ಮೇಲೆ ಬೆಳ್ಳಗಿನ ಕೂದಲು ಹರಡಿಕೊಂಡು ನಗುತ್ತಿದ್ದ ಸಜ್ಜನ್. ಆ ಧಾರಾವಾಹಿಯ ಸಾಧುವಿನ ಮುಖ ನೆನಪಿರುವವರು ನನಗಂತೂ ಸಿಕ್ಕಿಲ್ಲ.

'ಚಂದಮಾಮ' 2013ರ ಸುಮಾರಿಗೆ ನಿಂತುಹೋಯಿತು. ಬೇತಾಳಕ್ಕೆ ನಾವೆಲ್ಲ ಬಲ್ಲ ರೂಪವನ್ನು ಕೊಟ್ಟ ಕಲಾವಿದ ಶಂಕರ್ 2020ರಲ್ಲಿ ತೀರಿಕೊಂಡರು. ಅವರ ಚಿತ್ರದಲ್ಲಿ ರಾಜನ ಹೆಗಲ ಮೇಲೆ ಹೆಣ, ಕೈಯಲ್ಲಿ ಹಿರಿದ ಖಡ್ಗ. ಆ ಖಡ್ಗ ಬೇತಾಳವನ್ನು ಹೆದರಿಸಲಿಕ್ಕೆ ಎಂದೇ ನಾವು ಹುಡುಗರೆಲ್ಲ ತಿಳಿದಿದ್ದೆವು. ಕತೆಯ ಪ್ರಕಾರ ಅದು ಬೇಕಾಗಿದ್ದದ್ದು ಆ ಚಿತ್ರದಲ್ಲಿಲ್ಲದ ಮೂರನೆಯವನಿಗೆ.