ಐದು ಕೀಲಿಗಳಲ್ಲಿ ಕನ್ನಡ

ಹಳೇ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, ಕನ್ನಡ ಕೀಬೋರ್ಡ್ ಎಲ್ಲಿದೆ ಅಂತ ಸೆಟ್ಟಿಂಗ್ಸ್‌ನಲ್ಲಿ ಹುಡುಕ್ತಾ ಇದ್ದೆ. ‘ಕನ್ನಡ, ಕಗಪ’ ಅಂತ ಒಂದು ಸಿಕ್ಕಿತು. ಅದರಲ್ಲೇನೂ ಆಶ್ಚರ್ಯ ಇಲ್ಲ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು, ‘ನುಡಿ’ ತಂತ್ರಾಂಶ ಮಾಡಿದವರು. ಆದರೆ ಅದೇ ಪಟ್ಟಿಯಲ್ಲಿ ‘ಹಿಂದಿ, ಕಗಪ’ ಇತ್ತು. ‘ಮರಾಠಿ, ಕಗಪ’ ಇತ್ತು. ತೆಲುಗು, ಸಂಸ್ಕೃತಕ್ಕೂ ಕಗಪ! ಕನ್ನಡಕ್ಕೆ ಅಂತ ಮಾಡಿದ ಕೀಲಿಮಣೆ ವಿನ್ಯಾಸ ಪಕ್ಕದ ಭಾಷೆಗಳಿಗೆ ಹೋಗಿ ಕೂತಿದೆ. ಸಂಸ್ಕೃತದಿಂದ ನಾವು ತಗೊಂಡಿದ್ದು ಬೇಕಾದಷ್ಟಿದೆ, ವಾಪಸ್ ಕೊಟ್ಟಿದ್ದೂ ಇದೆ ಅಂತ ಅವತ್ತೇ ಗೊತ್ತಾಗಿದ್ದು.

ಈ ವಿನ್ಯಾಸದ ಮೂಲ ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್. ಮಂಗಳೂರು ಸೀಮೆಯವರು, ಮುದ್ರಣದ ಅಕ್ಷರ ಜೋಡಣೆಯ ಲೋಕದಲ್ಲಿ ಪಳಗಿದವರು. ತಾವು ಮಾಡಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಅಂತ ಹೆಸರಿಟ್ಟರು.

ಅವರು ಯೋಚಿಸಿದ್ದು ಹೀಗೆ. ಟೈಪ್‌ರೈಟರ್ ಕಾಲದಲ್ಲಿ ನಾವು ಅಕ್ಷರದ ಆಕಾರವನ್ನ ಒತ್ತುತ್ತಾ ಇದ್ದೆವು: ಮೊದಲು ಮೈ, ಆಮೇಲೆ ತಲಕಟ್ಟು, ಆಮೇಲೆ ಕೆಳಗಿನ ಒತ್ತು. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿದರೆ ಆಕಾರಗಳು ಲೆಕ್ಕಕ್ಕೇ ಸಿಗಲ್ಲ; ಕೀಲಿಗಳು ಎಷ್ಟಿದ್ದಾವು? ಆದರೆ ಕಿವಿಗೆ ಕೇಳುವ ಧ್ವನಿಗಳು ಕೆಲವೇ ಕೆಲವು. ಹಾಗಾದರೆ ಆಕಾರ ಬಿಟ್ಟು ಧ್ವನಿಯನ್ನೇ ಒತ್ತಿದರಾಯಿತು, ಆಕಾರದ ತಲೆನೋವು ಕಂಪ್ಯೂಟರಿಗಿರಲಿ. ಇಂಗ್ಲಿಷ್ ಕೀಬೋರ್ಡಿನ ಕೆ ಒತ್ತಿದರೆ ಕ, ಎನ್ ಒತ್ತಿದರೆ ನ. ಎಫ್ ಒತ್ತಿದರೆ ಅರ್ಧಾಕ್ಷರ. ಡಬ್ಲ್ಯೂ ಅಂದರೆ ಡ. ಇದೊಂದು ಬಾಯಿಪಾಠ ಮಾಡಬೇಕು, ಬಿಡಿ. ‘ಕನ್ನಡ’ ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಕೀಲಿ.

ಬಿ.ಕಾಂ. ಓದಿದ ನನ್ನ ತಲೆಗೆ ಮೊದಲು ಬಂದ ಪ್ರಶ್ನೆ: ಇದರಿಂದ ದುಡ್ಡು ಎಷ್ಟು ಬಂತು? ವಿನ್ಯಾಸವನ್ನ ಅವರು ಎಲ್ಲರೂ ಬಳಸಿಕೊಳ್ಳಲಿ ಅಂತ ಬಿಟ್ಟುಕೊಟ್ಟರು. ರಾಜ್ಯ ಸರ್ಕಾರ ಸಣ್ಣಪುಟ್ಟ ಬದಲಾವಣೆ ಮಾಡಿ ಅದನ್ನೇ ಅಧಿಕೃತ ವಿನ್ಯಾಸ ಮಾಡಿತು, ನುಡಿಯಲ್ಲಿ ಬಂತು, ಲಿನಕ್ಸ್‌ಗೆ ಹೋಯಿತು. ಬೀಗ ಇಲ್ಲದ್ದಕ್ಕೇ ಅದು ಸಂಸ್ಕೃತದವರೆಗೂ ನಡೆದು ಹೋಗಿದ್ದು ಅಂತ ನಾನಂತೂ ನಂಬ್ತೀನಿ.

ಅದೇ ಕಾಲದಲ್ಲಿ ಇನ್ನೊಂದು ಕಡೆ ಬೀಗ ಬಿದ್ದಿತ್ತು. ಟೈಪ್ ಮಾಡೋದು ಧ್ವನಿಯಲ್ಲಿ, ಸರಿ. ಕಂಪ್ಯೂಟರ್ ಉಳಿಸಿಕೊಳ್ಳುತ್ತಾ ಇದ್ದದ್ದು ಮಾತ್ರ ಹಳೇ ಟೈಪ್‌ರೈಟರ್ ಥರ ಚೂರುಗಳನ್ನ. ಹಳೇ ನುಡಿ ಫೈಲ್ ಒಂದನ್ನ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆಗೆದು ನೋಡಿ. ‘ಕನ್ನಡ’ ಇರಬೇಕಾದ ಜಾಗದಲ್ಲಿ ದೊಡ್ಡ ಪಿ, ನೆತ್ತಿ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡ್ ಗುರುತು, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಸಣ್ಣ ಕ್ಯೂ, ಮತ್ತೆ ಎ. ಪಿ ಅನ್ನೋದು ‘ಕ’ದ ಮೈ, ಗೀಟಿನ ಎ ತಲಕಟ್ಟು, ಜರ್ಮನ್ ಅಕ್ಷರ ‘ನ’ ಒತ್ತು. ಅಂದರೆ ಕಂಪ್ಯೂಟರ್ ಪಾಲಿಗೆ ಅಲ್ಲಿ ಕನ್ನಡವೇ ಇಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಚಿಹ್ನೆಗಳಿವೆ. ಫಾಂಟ್ ತೆಗೆದರೆ ವೇಷ ಕಳಚಿತು. ಹುಡುಕೋಕಾಗಲ್ಲ, ಅಕಾರಾದಿಯಲ್ಲಿ ಜೋಡಿಸೋಕಾಗಲ್ಲ.

1991ರಲ್ಲಿ ಬಂದ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅದರಲ್ಲಿ ‘ಕನ್ನಡ’ ಪದ ಹೇಗೆ ಉಳಿಯುತ್ತೆ ಗೊತ್ತಾ? ಕ, ನ, ಅರ್ಧಾಕ್ಷರದ ಗುರುತು, ನ, ಡ. ಐದು ಸಂಕೇತ. ಮೇಲಿನ ಐದು ಕೀಲಿಗಳನ್ನ ಇನ್ನೊಮ್ಮೆ ನೆನಪು ಮಾಡಿಕೊಳ್ಳಿ: ಅದೇ ಐದು, ಅದೇ ಕ್ರಮ! ಇದನ್ನ ಕಾಗದದ ಮೇಲೆ ಪಕ್ಕಪಕ್ಕ ಬರೆದು ನೋಡಿದ ದಿನ ನಾನು ಇನ್ನೇನೂ ಕೆಲಸ ಮಾಡಲಿಲ್ಲ.

ಆದರೂ ಯೂನಿಕೋಡ್ ನಮ್ಮ ಜೇಬಿಗೆ ಬರೋಕೆ ತಡವಾಯಿತು. ವಿಂಡೋಸ್‌ನಲ್ಲಿ ಕನ್ನಡ ಬಂದದ್ದು 2001ರ ಎಕ್ಸ್‌ಪಿ ಜೊತೆ, ಆಂಡ್ರಾಯ್ಡ್‌ನಲ್ಲಿ 2012ರ ಜೆಲ್ಲಿ ಬೀನ್ ಜೊತೆ. ಅಲ್ಲಿವರೆಗೆ ಬಹಳಷ್ಟು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಕನ್ನಡ ಅಂದರೆ ಸಾಲು ಸಾಲು ಖಾಲಿ ಚೌಕ. ಈ ನಡುವಿನ ವರ್ಷಗಳಲ್ಲಿ ಡಿಟಿಪಿ ಅಂಗಡಿಗಳಲ್ಲಿ ಟೈಪ್ ಆದ ಕಥೆ, ಪ್ರಬಂಧ, ಸ್ಮರಣ ಸಂಚಿಕೆ, ಸರ್ಕಾರಿ ಸುತ್ತೋಲೆಗಳಲ್ಲಿ ಬಹುಪಾಲು ಚೂರುಗಳ ರೂಪದಲ್ಲೇ ಉಳಿದವು.

ನಮ್ಮ ದೊಡ್ಡಪ್ಪ ಊರಿನ ಕೆರೆಗಳ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದಿದ್ದರು. ಪ್ರತಿಗಳು ಮುಗಿದಿವೆ, ಉಳಿದಿದ್ದು ಸಿಡಿ ಒಂದೇ. ಸ್ವಯಂಸೇವಕರು ಮಾಡಿ ಪುಕ್ಕಟೆ ಹಂಚಿರುವ ಪರಿವರ್ತಕಗಳಿವೆ, ಅಂಥದ್ದರಲ್ಲಿ ಹಾಕಿದೆ. ಹೆಚ್ಚಿನದೆಲ್ಲಾ ಸರಿಯಾಗಿ ಬಂತು.

ಈ ಪರಿವರ್ತಕ ಬರೆಯೋರಿಗೆ ಕಾಟ ಕೊಡೋದು ಅರ್ಕಾವತ್ತು. ‘ಕರ್ನಾಟಕ’ ಅನ್ನುವಾಗ ಬಾಯಲ್ಲಿ ರ್ ಮೊದಲು, ನಾ ಆಮೇಲೆ. ಕಾಗದದ ಮೇಲೆ ಅರ್ಕಾವತ್ತು ‘ನಾ’ದ ಬಲಗಡೆ ಕೂರುತ್ತೆ. ಹಳೇ ಫೈಲುಗಳು ಕಣ್ಣಿಗೆ ಕಂಡ ಕ್ರಮದಲ್ಲೇ ಬರೆದುಕೊಂಡಿವೆ, ಯೂನಿಕೋಡ್ ಬಾಯಿಯ ಕ್ರಮ ಕೇಳುತ್ತೆ. ಚಿಹ್ನೆ ಬದಲಿಸಿದರೆ ಸಾಲದು, ರ್ ಅನ್ನು ಎತ್ತಿ ಹಿಂದಕ್ಕೆ ಇಡಬೇಕು, ಪ್ರತಿ ಸಲ. ದೊಡ್ಡಪ್ಪನ ಫೈಲಿನಲ್ಲಿ ‘ಜೀರ್ಣೋದ್ಧಾರ’ ಅಂತ ಹುಡುಕಿದೆ. ಮೂರನೇ ಅಧ್ಯಾಯದಲ್ಲಿ ಸಿಕ್ಕಿತು. ಅವರಿಗೆ ಫೋನ್ ಮಾಡಿ ಹೇಳಿದರೆ, “ಅದಿರ್ಲಿ, ಕೆರೆಗೆ ನೀರು ಬಂತೇನೋ ನೋಡ್ಕೊಂಡು ಬಾ” ಅಂದರು.