ಸಹಕಾರಿ ವಿಡಿಯೊ ಗೇಮ್
ಆಟಗಾರರು ಎದುರಾಳಿಗಳಾಗದೆ ಒಂದೇ ಗುರಿಗಾಗಿ ಜೊತೆಗೂಡಿ ಆಡುವ ಆಟ. ಅಟಾರಿಯ ಗಾಂಟ್ಲೆಟ್‌ನಲ್ಲಿ (1985) ನಾಲ್ವರು ಒಂದೇ ಯಂತ್ರದ ಮುಂದೆ ನಿಂತು ಆಡುತ್ತಿದ್ದರು. 1990ರ ದಶಕದಲ್ಲಿ ಟಿವಿಗೆ ಜೋಡಿಸುವ ಅಗ್ಗದ ಕನ್ಸೋಲ್‌ಗಳು ಕೊನಾಮಿಯ ಕಾಂಟ್ರಾವನ್ನು ಕರ್ನಾಟಕದ ಮನೆಗಳಿಗೂ ತಂದವು. ಅದರ ಜಲಪಾತದ ಹಂತದಲ್ಲಿ ಒಬ್ಬ ಅವಸರಪಟ್ಟು ಮೇಲೇರಿದರೆ ಪರದೆಯೂ ಮೇಲೆ ಸರಿದು, ಕೆಳಗುಳಿದ ಜೊತೆಗಾರ ಜೀವ ಕಳೆದುಕೊಳ್ಳುತ್ತಾನೆ. ಕೈಚಳಕದಷ್ಟೇ ತಾಳ್ಮೆಯನ್ನೂ ಬೇಡುವುದೇ ಈ ಪ್ರಕಾರದ ನಿಜವಾದ ಸೊಗಸು.

2016ರ ನಂತರ ಡೇಟಾ ಅಗ್ಗವಾಗಿ, ಆಟ ಮೊಬೈಲಿಗೆ ಬಂತು. ಪಬ್‌ಜಿ ಮೊಬೈಲ್ (2018) ಹಳ್ಳಿ-ಪಟ್ಟಣಗಳ ಗೆಳೆಯರನ್ನು ನಾಲ್ವರ ಸ್ಕ್ವಾಡ್‌ಗಳಾಗಿ ಕೂಡಿಸಿತು. ಇತರ ತಂಡಗಳೊಡನೆ ಪೈಪೋಟಿ, ತಂಡದೊಳಗೆ ಸಹಕಾರ. ನೆಲಕ್ಕುರುಳಿದವನನ್ನು ಎಬ್ಬಿಸಲು ಜೊತೆಗಾರ ಗುಂಡಿನ ನಡುವೆಯೇ ಅವನ ಬಳಿ ಕೂರಬೇಕು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿತು; 2021ರಲ್ಲಿ ಅದರ ಭಾರತೀಯ ಆವೃತ್ತಿಯಾಗಿ ಬಿಜಿಎಂಐ ಬಂತು. ಅದೇ ವರ್ಷದ ‘ಇಟ್ ಟೇಕ್ಸ್ ಟೂ’ ಆಟವನ್ನಂತೂ ಒಬ್ಬರೇ ಆಡಲು ಸಾಧ್ಯವೇ ಇಲ್ಲ.