ವೀಡ್ ಕಟರ್ ಸ್ಟಾರ್ಟರ್ ಪದೇ ಪದೇ ಮುರೀತಿದೆಯಾ? ಹೊಸದು ತರುವ ಮುನ್ನ ಇಷ್ಟು ನೋಡಿ

ಮಳೆ ಸ್ವಲ್ಪ ಹೊಳವಾದರೆ ಸಾಕು, ಮಲೆನಾಡಿನ ಅಡಿಕೆ ತೋಟಗಳಲ್ಲಿ ವೀಡ್ ಕಟರ್ ಸದ್ದು ಶುರು. ಕೊಯ್ಲಿಗೆ ಮುನ್ನ ಹುಲ್ಲು ಹೊಡೆಸಬೇಕು, ಹೊಡೆಯೋ ಜನ ಸಿಗೋದೇ ಕಷ್ಟ. ಅವರು ಬಂದ ದಿನವೇ ಸ್ಟಾರ್ಟರ್ ಕೈಕೊಟ್ಟರೆ ಆ ದಿನದ ಕೆಲಸ ಹೋಯ್ತು. ಪೇಟೆಗೆ ಓಡಿ ಹೊಸದು ತಂದು ಹಾಕಿದರೆ ಸ್ವಲ್ಪ ದಿನಕ್ಕೆ ಅದೂ ಮುರಿಯುತ್ತದೆ. ಆಗ ಬರುವ ಮೊದಲ ಮಾತು, 'ಡೂಪ್ಲಿಕೇಟ್ ಮಾಲು ಕೊಟ್ಟ'. ಒಮ್ಮೊಮ್ಮೆ ಅದು ನಿಜವೂ ಹೌದು. ಆದರೆ ಒಂದೇ ಭಾಗ ಮೂರನೇ ಸಲ ಮುರಿದಿದ್ದರೆ ಅಂಗಡಿಯವನನ್ನು ಬೈಯುವ ಮೊದಲು ಎಂಜಿನ್ ಕಡೆ ನೋಡುವುದು ಒಳ್ಳೆಯದು.

ಸ್ಟಾರ್ಟರ್ ಒಳಗಿರುವುದು ಇಷ್ಟೇ: ಹಗ್ಗ, ಅದು ಸುತ್ತಿಕೊಳ್ಳುವ ಪುಲ್ಲಿ, ಹಗ್ಗವನ್ನು ವಾಪಸ್ ಎಳೆಯುವ ಸುರುಳಿ ಸ್ಪ್ರಿಂಗ್, ಪುಲ್ಲಿಯನ್ನೂ ಫ್ಲೈವ್ಹೀಲನ್ನೂ ಬೆಸೆಯುವ ಪುಟ್ಟ ಕೊಕ್ಕೆಗಳು. ಇದರಲ್ಲಿ ಯಾವುದು ಹೋಗಿದೆ, ಎಲ್ಲಿ ಹೋಗಿದೆ ಎಂಬುದೇ ಅರ್ಧ ಉತ್ತರ. ಹಾಗಾಗಿ ಮುರಿದ ತುಂಡು ಬಿಸಾಡಬೇಡಿ.

ಹಗ್ಗ ಹಿಡಿಕೆಯ ಹತ್ತಿರ ನಾರು ನಾರಾಗಿ ತುಂಡಾಗಿದ್ದರೆ ಅದು ಹೊರಬರುವ ತೂತಿನ ಅಂಚು ಸವೆದು ಹರಿತವಾಗಿದೆ, ಇಲ್ಲವೇ ಹಗ್ಗವನ್ನು ಓರೆಯಾಗಿ ಎಳೆಯುತ್ತಿದ್ದಾರೆ. ಒಳಗಿನ ಗಂಟಿನ ಬಳಿ ಕಿತ್ತಿದ್ದರೆ, ಸ್ಪ್ರಿಂಗ್‌ನ ತುದಿ ಮುರಿದಿದ್ದರೆ, ಪ್ರತಿ ಸಲ ಹಗ್ಗವನ್ನು ಕೊನೆಯವರೆಗೆ ಜಗ್ಗಿದ್ದಾರೆ ಎಂದರ್ಥ. ಇವೆರಡೂ ಸುಲಭದ ಕೇಸು. ಕೊಕ್ಕೆಯೋ ಪುಲ್ಲಿಯ ಹಲ್ಲೋ ಒಡೆದಿದ್ದರೆ ಮಾತು ಬೇರೆ. ಪ್ಲಾಸ್ಟಿಕ್ ಸವೆಯದೆ ಪಟಕ್ಕನೆ ಒಡೆದಿದೆ ಎಂದರೆ ಅದಕ್ಕೆ ಎಲ್ಲಿಂದಲೋ ಏಟು ಬಿದ್ದಿದೆ.

ಏಟು ಎಲ್ಲಿಂದ ಎಂದು ತಿಳಿಯಲು ಸ್ಪಾರ್ಕ್ ಪ್ಲಗ್ ಬಿಚ್ಚಿ. ಸ್ವಿಚ್ ಆಫ್ ಇರಲಿ, ಪ್ಲಗ್ ವೈರನ್ನು ತೂತಿನಿಂದ ದೂರ ಸರಿಸಿಡಿ, ಬೀಡಿ ಸಿಗರೇಟು ಹತ್ತಿರ ಬೇಡ. ಈಗ ಹಗ್ಗವನ್ನು ನಿಧಾನ ಎಳೆಯಿರಿ. ಸಲೀಸಾಗಿ ಬಂದರೆ ಸ್ಟಾರ್ಟರ್ ಮತ್ತು ಬೇರಿಂಗ್ ಸಾಮಾನ್ಯವಾಗಿ ಸರಿ ಇವೆ. ಪ್ಲಗ್ ತೂತಿನಿಂದ ಪೆಟ್ರೋಲ್ ಚಿಮ್ಮಿದರೆ ಸಿಲಿಂಡರ್ ತುಂಬಿಕೊಂಡಿತ್ತು. ದ್ರವ ಗಾಳಿಯ ಹಾಗೆ ಒತ್ತಿದರೆ ಕುಗ್ಗುವುದಿಲ್ಲ. ಆ ಸ್ಥಿತಿಯಲ್ಲಿ ಜೋರಾಗಿ ಎಳೆದರೆ ಕೊಕ್ಕೆ ಮುರಿಯಲೇಬೇಕು. ಫೋರ್ ಸ್ಟ್ರೋಕ್ ಯಂತ್ರಕ್ಕೆ ಆಯಿಲ್ ಗೆರೆ ಮೀರಿ ಹಾಕಿ ಅಡ್ಡ ಮಲಗಿಸಿಟ್ಟರೂ ಇದೇ ಕಥೆ, ಆಯಿಲ್ ಸಿಲಿಂಡರ್‌ಗೆ ಇಳಿದಿರುತ್ತದೆ.

ಪ್ಲಗ್ ಇಲ್ಲದಿದ್ದರೂ ಬಿಗಿ ಇದ್ದರೆ ಫ್ಲೈವ್ಹೀಲ್ ಕಾಯಿಲ್‌ಗೆ ಉಜ್ಜುತ್ತಿದೆಯಾ ನೋಡಿ. ಎರಡರ ನಡುವೆ ಸುಮಾರು 0.3 ಮಿ.ಮೀ. ಸಂದು ಇರಬೇಕು. ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುವುದು ಮೆಕ್ಯಾನಿಕ್‌ಗಳ ಹಳೇ ಉಪಾಯ. ಉಜ್ಜುವುದೂ ಇಲ್ಲ ಎಂದಾದರೆ ಅದು ಬೇರಿಂಗ್ ಅಥವಾ ಪಿಸ್ಟನ್ ಕೇಸು, ಮನೆಯಲ್ಲಿ ಆಗುವ ಕೆಲಸವಲ್ಲ.

ಎಳೆಯುವಾಗ ಹಗ್ಗ ಕೈಯಿಂದ ಕಿತ್ತುಕೊಂಡು ಒಳಗೆ ಹೋಗುತ್ತದೆ, ಬೆರಳು ಉಳುಕುತ್ತದೆ ಎಂಬ ದೂರು ಇದ್ದರೆ ಅದು ಗಂಭೀರ. ಫ್ಲೈವ್ಹೀಲ್ ನಟ್ ಸಡಿಲವಾಗಿ ಒಳಗಿನ ಕೀ ಕತ್ತರಿಸಿರಬಹುದು. ಫ್ಲೈವ್ಹೀಲ್ ಜಾಗ ತಪ್ಪಿದರೆ ಕಿಡಿ ಹೊತ್ತುವ ಸಮಯವೂ ತಪ್ಪುತ್ತದೆ. ಪಿಸ್ಟನ್ ಮೇಲೆ ಬರುವ ಮೊದಲೇ ಕಿಡಿ ಹೊತ್ತಿ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಆ ಒದೆ ಬೀಳುವುದು ಕೊಕ್ಕೆಗೆ ಮತ್ತು ಕೈಗೆ. ಎಷ್ಟು ಸ್ಟಾರ್ಟರ್ ಬದಲಿಸಿದರೂ ಇದಕ್ಕೆ ಪ್ರಯೋಜನವಿಲ್ಲ. ಹೆದರಿ ಮೆಲ್ಲಗೆ ಎಳೆದರೂ ಒದೆಯುವುದುಂಟು, ಹಾಗಾಗಿ ಹೊಸಬರಿಗೆ ಎಳೆಯುವ ರೀತಿ ತೋರಿಸಿಕೊಡಬೇಕು: ಮೊದಲು ಬಿಗಿ ಸಿಗುವವರೆಗೆ ನಿಧಾನ, ಆಮೇಲೆ ಒಂದೇ ಚುರುಕು ಎಳೆತ, ವಾಪಸ್ ಬಿಡುವಾಗ ಹಿಡಿಕೆ ಕೈಯಲ್ಲೇ ಇರಲಿ.

ಎಂಜಿನ್ ಓಡುವಾಗ ಸ್ಟಾರ್ಟರ್ ಒಳಗಿಂದ ಟರಟರ ಸದ್ದು ಬಂದರೆ ಕೊಕ್ಕೆಗಳು ಹಿಂದೆ ಸರಿಯದೆ ಉಜ್ಜುತ್ತಿವೆ. ಕೊಕ್ಕೆಯ ಪುಟ್ಟ ಸ್ಪ್ರಿಂಗ್ ಸೋತಿರಬಹುದು, ಹುಲ್ಲಿನ ಪುಡಿ ಮತ್ತು ಗ್ರೀಸ್ ಸೇರಿ ಅಂಟಾಗಿರಬಹುದು. ಸ್ಟಾರ್ಟರ್ ಕವರ್‌ನ ಸ್ಕ್ರೂ ಒಂದು ಬಿದ್ದುಹೋಗಿ ಪುಲ್ಲಿ ಓರೆಯಾಗಿದ್ದರೂ ಹೀಗೇ ಆಗುತ್ತದೆ. ಎರಡು ರೂಪಾಯಿ ಸ್ಕ್ರೂ ಹಾಕದೆ ನೂರಾರು ರೂಪಾಯಿಯ ಸ್ಟಾರ್ಟರ್ ಕಳೆದುಕೊಳ್ಳುವವರೇನೂ ಕಮ್ಮಿ ಇಲ್ಲ.

ಇನ್ನು ಎಲ್ಲಕ್ಕಿಂತ ಸಾಮಾನ್ಯ ಕಾರಣ, ಯಂತ್ರ ಮೂರ್ನಾಲ್ಕು ಎಳೆತಕ್ಕೆ ಸ್ಟಾರ್ಟ್ ಆಗದಿರುವುದು. ಮೂವತ್ತು ಸಲ ಎಳೆಸಿಕೊಳ್ಳುವ ಯಂತ್ರದ ಹಗ್ಗ ಬಾಳಿಕೆ ಬಂದೀತೇ? ಕಳೆದ ವರ್ಷದ ಪೆಟ್ರೋಲ್ ಟ್ಯಾಂಕ್‌ನಲ್ಲೇ ಉಳಿದಿದ್ದರೆ ಚೆಲ್ಲಿ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಟೂ ಸ್ಟ್ರೋಕ್ ಯಂತ್ರಕ್ಕೆ ಅಂದಾಜಿನಲ್ಲಿ ಆಯಿಲ್ ಸುರಿಯುವುದೂ ತಪ್ಪು. 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಯಾವುದು ಎಂಬುದು ಯಂತ್ರದ ಪುಸ್ತಕದಲ್ಲಿರುತ್ತದೆ. ಜಾಸ್ತಿಯಾದರೆ ಪ್ಲಗ್ ಕಪ್ಪಾಗಿ, ಸೈಲೆನ್ಸರ್ ಜಾಲರಿಗೆ ಮಸಿ ಕಟ್ಟಿ ಸ್ಟಾರ್ಟ್ ಆಗೋದೇ ಕಷ್ಟವಾಗುತ್ತದೆ.

ಸ್ಟಾರ್ಟರ್ ಬಿಚ್ಚುವಾಗ ಮಾತ್ರ ಹುಷಾರು. ಸುರುಳಿ ಸ್ಪ್ರಿಂಗ್ ಹಾರಿ ಮುಖಕ್ಕೆ ಬಡಿಯುತ್ತದೆ. ಮೊದಲು ಹಗ್ಗದ ಬಿಗಿ ಪೂರ್ತಿ ಬಿಡಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಪುಲ್ಲಿ ಎತ್ತಬೇಕು. ಹೊಸ ಹಗ್ಗ ಹಳೆಯದರಷ್ಟೇ ದಪ್ಪ, ಅಷ್ಟೇ ಉದ್ದ ಇರಲಿ. ದಪ್ಪದ್ದು ಗಟ್ಟಿ ಎಂದು ಹಾಕಿದರೆ ಪುಲ್ಲಿಯಲ್ಲಿ ಸಿಕ್ಕಿಕೊಳ್ಳುತ್ತದೆ.